ಮೂರು ಬಟ್ಟಲು ಶೇಂಗಾ ಹಿಂಡಿ

ಭಾನುವಾರ ಊಟಕ್ಕೆ ಕೂತವರ ಮುಂದೆ ಮೂರು ಬಟ್ಟಲು ಇಟ್ಟೆ. ಮೂರರಲ್ಲೂ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ. ಯಾವುದು ಎಲ್ಲಿಯದು ಅಂತ ಹೇಳಲಿಲ್ಲ.

"ಏನಿದು, ಪರೀಕ್ಷಾ ಏನು?" ಅಂದರು ನಮ್ಮ ಮನೆಯವರು.

"ಹೌದ್ರಿ. ಸುಮ್ಮನ ತಿಂದು ಯಾವುದು ಚಲೋ ಐತಿ ಹೇಳ್ರಿ."

ನಗಬೇಡಿ. ಈ ಪರೀಕ್ಷೆಯ ರಿಸಲ್ಟಿಗೆ ಹಿಂದಿನ ಓಣಿಯಲ್ಲಿ ಒಬ್ಬಳು ಕಾಯುತ್ತಿದ್ದಳು.

ನಮ್ಮ ಇಳಕಲ್ಲಿಗೂ ಸೂಪರ್ ಮಾರ್ಕೆಟ್ ಬಂತಲ್ಲ, ಅಲ್ಲಿ ಟಿವಿಯಲ್ಲಿ ಬರುವ ಕಂಪನಿ ಮಾಲಿನ ಪಕ್ಕದಲ್ಲೇ ಅಂಗಡಿಯವರ ಸ್ವಂತ ಹೆಸರಿನ ಪ್ಯಾಕೆಟ್ ಇಡುತ್ತಾರೆ. ಹಿಟ್ಟು, ಬಿಸ್ಕಿಟ್, ಉಪ್ಪಿನಕಾಯಿ, ಹಿಂಡಿ. ರೇಟು ಕಡಿಮೆ. (ಆ ಬಿಸ್ಕಿಟ್ ಚಹಾದಲ್ಲಿ ಅದ್ದಿದರೆ ಮೇಲೆ ಬರುವುದಿಲ್ಲ, ಅದು ಬೇರೆ ಮಾತು.) ಒಳಗಿನದನ್ನು ಯಾರು ಮಾಡಿದರು ಅಂತ ಯಾರು ಕೇಳುತ್ತಾರೆ? ಹಿಂಡಿಯ ಮಟ್ಟಿಗೆ ನನಗೆ ಗೊತ್ತಿತ್ತು. ಮಾಡುತ್ತಿದ್ದವಳು ನಮ್ಮ ಹಿಂದಿನ ಓಣಿಯ ನೀಲವ್ವ.

ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದವಳು ಅದನ್ನು ಬಿಟ್ಟು ಹಿಂಡಿ ಕುಟ್ಟತೊಡಗಿದ್ದಳು. ಒಂದು ದಿನ ಅಂಗಡಿಯವರು, "ಹೆಂಗ ಮಾಡ್ತೀ, ಅಳತಿ ಸಮೇತ ತೋರಸವಾ" ಅಂದರು. ಇವಳು ಹಿಗ್ಗಿನಿಂದ ತೋರಿಸಿದಳು. ಅವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ದೀಪಾವಳಿ ಮುಗಿದ ಮೇಲೆ ಆರ್ಡರ್ ನಿಂತಿತು. ಈಗ ಎಲ್ಲೋ ಮಷಿನ್ ಕುಟ್ಟುತ್ತದೆಯಂತೆ. ಪ್ಯಾಕೆಟ್ ಮಾತ್ರ ಅದೇ.

"ಅಕ್ಕಾರ, ರುಚಿ ಕೆಟ್ಟೈತಿ ಅಂತ ನಾಕು ಮಂದಿ ಗಿರಾಕಿ ಹೇಳಿದ್ರ ಮತ್ತ ನನ್ನ ಕರೀತಾರ್ರಿ. ನೀವರ ಹೇಳ್ರಿ. ಇಲ್ಲಾಂದ್ರ ಮತ್ತ ಕಂಡಿಕಿನ ಗತಿ."

ಹೇಳುತ್ತೇನೆ ಅಂದೆ. ಸುಮ್ಮನೆ ಹೇಳಬಾರದು, ತಿಂದು ಹೇಳಬೇಕು ಅಂತಲೇ ಈ ಮೂರು ಬಟ್ಟಲು: ಕಂಪನಿಯದು, ಅಂಗಡಿಯದು, ನೀಲವ್ವನ ಮನೆಯದು.

ಕಂಪನಿಯದನ್ನು ಮನೆಯವರು ಮೊದಲ ತುತ್ತಿಗೇ ಬದಿಗೆ ಸರಿಸಿದರು. "ಇದರಾಗ ಸಕ್ರಿ ಸುರದಾರ. ಹಿಂಡಿನೋ ಉಂಡಿನೋ?"

ನನಗೆ ಖುಷಿ. ಉಳಿದ ಎರಡರಲ್ಲಿ?

ರೊಟ್ಟಿ ಮುರಿದು ಒಮ್ಮೆ ಇದು, ಒಮ್ಮೆ ಅದು. "ಎರಡೂ ಒಂದ ಅಲ್ಲೇನು?"

ಮಗಳೂ ಅದನ್ನೇ ಅಂದಳು. ನಾನು ತಿಂದೆ. ಮೊಸರು ಹಾಕಿಕೊಂಡು ತಿಂದೆ, ಬರೀ ತಿಂದೆ. ಇಷ್ಟು ವರ್ಷ ಅಡುಗೆಮನೆಯಲ್ಲಿ ಕಳೆದ ನಾಲಿಗೆ ಮಂಕಾಗಿ ಕೂತಿತು.

ಅಷ್ಟರಲ್ಲಿ ನೀಲವ್ವನೇ ಬಂದಳು. ಯಾವುದು ಯಾವುದೆಂದು ಹೇಳದೆ ಆ ಎರಡು ಬಟ್ಟಲು ಮುಂದಿಟ್ಟೆ. ಕಣ್ಣು ಮುಚ್ಚಿ ಎರಡನ್ನೂ ನಾಲಿಗೆಗೆ ಹಚ್ಚಿದಳು. ಮುಖ ಅರಳಿತು.

"ಇದ ನೋಡ್ರಿ ನಂದು! ಎಣ್ಣಿ ಬಿಡೂತನಕ ಕುಟ್ಟಿದ್ದು ಹಿಂಗ ಇರ್ತೈತಿ. ಆ ಇನ್ನೊಂದು ಮಷಿನ್‌ದು, ಗೊತ್ತಾಗ್ತೈತಿ ಬಿಡ್ರಿ."

ಅವಳು ತೋರಿಸಿದ್ದು ಅಂಗಡಿಯದನ್ನು.

ನಾನು ಬಟ್ಟಲು ಎತ್ತಿ ಒಳಗಿಟ್ಟೆ.

"ನಾಳಿಗೆ ಹೋಗಿ ಹೇಳ್ತೀರಿಲ್ರಿ ಅಕ್ಕಾರ?"

"ಹೂಂ ನೀಲವ್ವ, ಹೇಳ್ತೇನಿ."

ಏನಂತ ಹೇಳಲಿ? ರುಚಿ ಕೆಟ್ಟಿದ್ದರೆ ಜಗಳ ಮಾಡಬಹುದಿತ್ತು, ಪ್ಯಾಕೆಟ್ ವಾಪಸ್ ಕೊಡಬಹುದಿತ್ತು. ನೀಲವ್ವನ ರುಚಿ ಒಂದು ಚೂರೂ ಕೆಡದೆ ಹಾಗೇ ಇದೆ ಅನ್ನುವ ದೂರನ್ನು ಯಾವ ಕೌಂಟರಿನಲ್ಲಿ ಕೊಡುವುದು?