ಅತ್ತಿಗೆಯ ಕಾಸ್ಮಸ್ ಪಾತಿ

ಅತ್ತಿಗೆ, ನಿಮ್ಮ ಗಿಡಗಳು ಹೂ ಬಿಡದ ಹಾಗೆ ಮಾಡಿದವಳು ನಾನು. ನಿಮ್ಮ ಕೈಗುಣವಲ್ಲ, ಬಂದರಿನ ಉಪ್ಪುಗಾಳಿಯಲ್ಲ, ಯಾರ ದೃಷ್ಟಿಯೂ ಅಲ್ಲ — ನಾನು. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡು, ನಾಲ್ಕು ಜನರ ನಡುವೆ ಒಳ್ಳೆಯವಳು ಅನ್ನಿಸಿಕೊಂಡು ಬದುಕಿಬಿಟ್ಟೆ.

ಆ ಕಾಸ್ಮಸ್ ಹೂವಿನ ಬೀಜ ತಂದವಳೂ ನಾನೇ. ನಮ್ಮ ಶಾಲೆಯ ಟೀಚರು ಅದನ್ನು ಕಾಗದದಲ್ಲಿ ಕಟ್ಟಿಕೊಡುವಾಗ, "ಇದು ಸಾರವಿಲ್ಲದ ಮಣ್ಣಿನಲ್ಲೇ ಚೆನ್ನಾಗಿ ಹೂ ಬಿಡುವುದು. ಗೊಬ್ಬರ ಹಾಕಿದರೆ ಬರೀ ಎಲೆ," ಎಂದಿದ್ದರು. ನಾನು ಸರಿಯಾಗಿ ಕೇಳಿಸಿಕೊಂಡಿದ್ದೆ. ಮರೆತುಹೋಗಿತ್ತು ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ನಿಮಗೆ ನೆನಪಿರಬೇಕು, ಆ ಹೂವಿನ ಹುಚ್ಚು ಹಿಡಿಸಿದ್ದು ಅಣ್ಣ. ಅವನು ಕೆಲಸ ಮಾಡುತ್ತಿದ್ದ ಮುಂಬಯಿಯ ಹೋಟೆಲಿನಲ್ಲಿ ಮೇಜುಮೇಜಿಗೂ ಗ್ಲಾಸಿನಲ್ಲಿ ಉದ್ದ ತೊಟ್ಟಿನ ಹೂ ಇಡುತ್ತಾರಂತೆ. ನಮಗೆ ಹೂವೆಂದರೆ ಒಂದೋ ಮುಡಿಗೆ, ಇಲ್ಲವೇ ದೇವರಿಗೆ. ಕತ್ತರಿಸಿ ನೀರಿನಲ್ಲಿ ನಿಲ್ಲಿಸಿ ನೋಡುವುದೆಂದರೆ ಅಮ್ಮನಿಗೆ ನಗುವೋ ನಗು. ಆದರೂ ಅಣ್ಣನಿಗೆ ನಮ್ಮ ಮನೆಯ ಮೇಜಿನ ಮೇಲೆ ಒಮ್ಮೆ ಹಾಗೆ ನೋಡುವ ಆಸೆ. ಮಳೆಗಾಲ ಮುಗಿದು ಸ್ಟೀಮರು ಓಡಲು ಶುರುವಾದರೆ ದೀಪಾವಳಿಗೆ ಬರುವವನಿದ್ದ. ನಾವಿಬ್ಬರೂ ಬಾವಿಯ ಆಚೆಗೊಂದು, ಈಚೆಗೊಂದು ಪಾತಿ ಮಾಡಿದೆವು. ಸಸಿ ಗೇಣುದ್ದ ಆದಾಗ ನೀವು ಕೇಳಿದಿರಿ —

"ಸೀತು, ಇದಕ್ಕೆ ಎಂತ ಗೊಬ್ಬರ ಹಾಕುವುದು ಮಾರಾಯ್ತಿ? ನೀನು ಶಾಲೆಗೆ ಹೋಗುವವಳು, ನಿನಗೆ ಗೊತ್ತುಂಟಲ್ಲ."

"ಬೂತಾಯಿ ಗೊಬ್ಬರ ಹಾಕಿ ಅತ್ತಿಗೆ. ತೆಂಗಿಗೆ ಹಾಕ್ತೇವಲ್ಲ, ಅದೇ."

ಇಷ್ಟೇ ನಾನು ಆಡಿದ್ದು. ನಮ್ಮದು ಮೀನಿನ ಮನೆ. ಬೂತಾಯಿ ಮೀನು ಕೊಳೆಸಿದ ಗೊಬ್ಬರ ಹಿತ್ತಲಲ್ಲಿ ಯಾವಾಗಲೂ ಇರುತ್ತಿತ್ತು. ತೆಂಗಿಗೂ ಅದೇ, ಮಲ್ಲಿಗೆಗೂ ಅದೇ. ನಿಮಗೆ ಸಂಶಯ ಬರುವುದಾದರೂ ಹೇಗೆ? ಸೆರಗನ್ನು ಮೂಗಿಗೆ ಒತ್ತಿಹಿಡಿದು ಬುಟ್ಟಿ ಬುಟ್ಟಿ ಹೊತ್ತು ಸುರಿದಿರಿ. ನಾನು ಬಾವಿಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಾ ನೋಡಿದೆ.

ಯಾಕೆ? ಹೊಟ್ಟೆಕಿಚ್ಚು. ನೀವು ಬರುವ ಮೊದಲು ಅಣ್ಣ ಅಂಗಳಕ್ಕೆ ಕಾಲಿಟ್ಟರೆ ಕೂಗುತ್ತಿದ್ದುದು ನನ್ನ ಹೆಸರು. ಆಮೇಲೆ ಅವನ ಕಣ್ಣು ನಿಮ್ಮನ್ನು ಹುಡುಕತೊಡಗಿತು. ಆ ಗ್ಲಾಸಿನಲ್ಲಿ ನನ್ನ ಹೂವೇ ಇರಬೇಕು — ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ನಿಮ್ಮ ಸಂಸಾರ ಮುರಿಯಬೇಕೆಂದು ನಾನು — ಬೇಡ, ಅದನ್ನು ಹೇಳಿ ಕೈ ತೊಳೆದುಕೊಳ್ಳುವುದಿಲ್ಲ.

ನಿಮ್ಮ ಗಿಡಗಳು ಆಳೆತ್ತರ ಬೆಳೆದವು. ಸಬ್ಬಸಿಗೆ ಸೊಪ್ಪಿನ ಹಾಗೆ ದಟ್ಟ ಹಸಿರು, ಒಂದೂ ಮೊಗ್ಗಿಲ್ಲ. ಗಾಳಿಗೆ ಅಡ್ಡಬಿದ್ದಾಗ ಕೋಲು ನೆಟ್ಟು ಕಟ್ಟಿದಿರಿ. ಈಚೆ ಗೊಬ್ಬರ ಕಾಣದ ನನ್ನ ಬರೀ ಹೊಯ್ಗೆ ಮರಳಿನ ಪಾತಿಯಲ್ಲಿ ಗುಲಾಬಿ, ಬಿಳಿ — ಕತ್ತರಿಸಿದಷ್ಟೂ ಮತ್ತೆ ಬರುತ್ತಿತ್ತು. ನಿಮಗೆ ನನ್ನ ಮೇಲೆ ಒಂದಿಷ್ಟು ಅಸೂಯೆಯಾದರೂ ಆಗಬಾರದಿತ್ತೇ? "ಇಬ್ಬನಿ ಆರುವ ಮೊದಲೇ ಕೊಯ್ಯಿ, ಬಾಡುವುದಿಲ್ಲ," ಎಂದು ಕತ್ತಿ ತಂದು ನನ್ನ ಕೈಗೆ ಕೊಟ್ಟವರು ನೀವು.

ಅಣ್ಣ ಬಂದ. ಎರಡೂ ಪಾತಿ ನೋಡಿದ. ಮಾತೆತ್ತಿದ್ದು ಅಮ್ಮ. "ಒಂದೇ ಬೀಜ, ಒಂದೇ ಬಾವಿಯ ನೀರು. ಇವಳ ಕೈಗುಣವೇ ಹಾಗೆ. ಮನೆಗೊಂದು ಮಗು ಬರುವುದೂ ಹೀಗೆಯೇ."

ಮದುವೆಯಾಗಿ ವರ್ಷಗಳು ಕಳೆದಿದ್ದವು, ನಿಮ್ಮ ಮಡಿಲು ತುಂಬಿರಲಿಲ್ಲ. ಅಮ್ಮ ಒಳಗೊಳಗೇ ಗೊಣಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಆ ಗೊಣಗಾಟಕ್ಕೆ ಎಲ್ಲರ ಎದುರು ಆಡುವ ಮಾತನ್ನು ಒದಗಿಸಿದವಳು ನಾನು. ನೀವು ನನ್ನ ಕಡೆ ನೋಡಿದಿರಿ. ನಾನು ಬಾಯಿ ತೆರೆಯಬಹುದಿತ್ತು. ಮೇಜಿನ ಮೇಲಿನ ಗ್ಲಾಸನ್ನು ಸರಿಸುತ್ತಾ ನಿಂತೆ.

ನಮ್ಮ ಕಡೆ ಮನೆ ಎಂದರೆ ಮಗಳದ್ದು, ಸೊಸೆಗೆ ಅದರಲ್ಲಿ ಹಕ್ಕಿಲ್ಲ. ಸೊಸೆಯನ್ನು ತವರಿಗೆ ಕಳಿಸುವುದಕ್ಕೆ ದೊಡ್ಡ ನ್ಯಾಯಪಂಚಾಯಿತಿಯೇನೂ ಬೇಕಾಗಿರಲಿಲ್ಲ. ಅಣ್ಣ ಮುಂಬಯಿಗೆ ಹೋದ, ನಿಮ್ಮನ್ನು ಕಾಟಿಪಳ್ಳಕ್ಕೆ ಬಿಟ್ಟುಬಂದರು. ಕರೆದುಕೊಂಡು ಬರಲು ಯಾರೂ ಹೋಗಲೇ ಇಲ್ಲ. ಅಣ್ಣ ಮುಂಬಯಿಯಲ್ಲೇ ಬೇರೆ ಮದುವೆಯಾದ.

ನೀವು ಹೋದ ಮೇಲೆ ಮನೆಯಲ್ಲಿ ನನ್ನ ಮಾತಿಗೆ ನಗುವವರು ಇರಲಿಲ್ಲ. ತಲೆ ಬಾಚಿಕೊಳ್ಳುವಾಗ ನಿಮ್ಮ ಬೆರಳು ಬೇಕು ಅನ್ನಿಸುತ್ತಿತ್ತು. ಈಗ ನನಗೇ ಬಾಚಿಕೊಡಲು ಮಗಳಿದ್ದಾಳೆ, ಆದರೂ ಬಾಚಣಿಗೆ ಹಿಡಿದರೆ ನಿಮ್ಮನ್ನು — ಎಷ್ಟು ಬಯಸಿದೆ ಅತ್ತಿಗೆ, ಹೇಳುವ ಧೈರ್ಯವಿಲ್ಲದೆಯೇ ಬಯಸಿದೆ.

ಹೋದ ಮಳೆಗಾಲದಲ್ಲಿ ಕಾಟಿಪಳ್ಳದ ನೆಂಟರ ಮನೆಗೆ ಬಂದಿದ್ದೆ. ನಿಮ್ಮ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ನೀವು ಸೀರೆ ಎತ್ತಿಕಟ್ಟಿ, ಭತ್ತದ ಸಸಿಯ, ನೇಜಿಯ, ಒಂದು ಕಟ್ಟನ್ನು ಕೈಗೆ ತೆಗೆದುಕೊಂಡಿರಿ. ನಿಮ್ಮ ತಮ್ಮನ ಹೆಂಡತಿ ಮೆಲ್ಲನೆ ಅದನ್ನು ಬಿಡಿಸಿಕೊಂಡಳು. "ನೀವು ಮುಟ್ಟುವುದು ಬೇಡ ಅಕ್ಕ. ಗಂಜಿ ಆಗಿದೆಯಾ ನೋಡಿ." ಅಮ್ಮ ಆಡಿದ ಕೈಗುಣದ ಮಾತು ಅಲ್ಲಿಗೂ ತಲುಪಿತ್ತು. ನೀವು ಬದುವಿಗೆ ಹತ್ತಿದಿರಿ. ನಾನು ಬೇಲಿಯ ಆಚೆಯಿಂದಲೇ ತಿರುಗಿ ನಡೆದೆ. ಅಲ್ಲಿಯೂ ಹೇಳಲಿಲ್ಲ.

ನಿನ್ನೆ ಅಮ್ಮನಿಗೆ ಹೇಳಿದೆ. "ಈಗ ಹೇಳಿ ಎಂತ ಉಂಟು?" ಎಂದರು. ಸರಿ. ನಿಮ್ಮ ಗಂಡನನ್ನು, ಆ ವರ್ಷಗಳನ್ನು ನಾನು ತಂದುಕೊಡಲಾರೆ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ.

ಆದರೆ ಈ ಸಲದ ನಾಟಿಗೆ ಮೊದಲು ಕಾಟಿಪಳ್ಳಕ್ಕೆ ಬರುತ್ತೇನೆ. ನೀವು ಒಳಗೆ ಕರೆಯಬೇಕೆಂದಿಲ್ಲ. ನಿಮ್ಮ ಅಂಗಳದಲ್ಲೇ ನಿಂತು, ನಿಮ್ಮ ತಮ್ಮನಿಗೂ ಅವನ ಹೆಂಡತಿಗೂ ನೆರೆಕರೆಯವರಿಗೂ ಕೇಳುವ ಹಾಗೆ ಹೇಳುತ್ತೇನೆ — ಕೆಟ್ಟದ್ದು ನನ್ನ ನಾಲಗೆ, ನಿಮ್ಮ ಕೈಯಲ್ಲ.