ಬಲಗಣ್ಣಿಗೆ ಮಾಸಿದ ಪಿಯೋನಿ

ಮೊದಲು ಮಾಸಿದ್ದು ಪಿಯೋನಿ ಹೂವು.

ಗೋವಾದ ಕೊರ್ಲಿಮ್‌ನ ಒಂದು ಶೆಡ್ಡಿನಲ್ಲಿ ನನ್ನ ಕೆಲಸ. ಹಿಂದಿನ ಕಾಲದ ಜಪಾನಿನವರು ಮರದ ಅಚ್ಚಿನಲ್ಲಿ ಒತ್ತಿದ ಹೂಚಿತ್ರಗಳನ್ನು ನಾವು ಮಷೀನಿನಿಂದ ಕ್ಯಾನ್ವಾಸಿಗೆ ಇಳಿಸುತ್ತೇವೆ. ಹೋಟೆಲಿನವರು ಗೋಡೆಗೆ ಒಯ್ಯುತ್ತಾರೆ. ಪ್ರಿಂಟ್ ತೆಗೆಯುವವರು ವಿಜಯಪುರ ಕಡೆಯ ದಾವಲಣ್ಣ. ಅದನ್ನು ಮರದ ಚೌಕಟ್ಟಿಗೆ ಬಿಗಿದು, ಬಣ್ಣ ನೋಡಿ ಪಾಸ್ ಮಾಡುವವಳು ನಾನು. ಎಂಟು ವರ್ಷದಿಂದ ನನ್ನ ಮಾತೇ ಕೊನೆ. ಅದರ ಸೊಕ್ಕೂ ಇತ್ತು.

ಅಂಚು ನೆಟ್ಟಗಿದೆಯೇ ಎಂದು ನೋಡಲು ಬಡಗಿಗಳ ಹಾಗೆ ಎಡಗಣ್ಣು ಮುಚ್ಚುತ್ತೇನೆ. ಮುಚ್ಚಿಕೊಂಡೇ ಬಣ್ಣವನ್ನೂ ನೋಡಿಬಿಡುವುದು ರೂಢಿ. ಆ ವಾರ ದಳ ತುಂಬಿದ ಕೆಂಪು ಪಿಯೋನಿಗಳೆಲ್ಲ ನೀರಿನಲ್ಲಿ ನೆನೆಸಿಟ್ಟಂತೆ ಕಂಡವು.

"ದಾವಲಣ್ಣ, ಕೆಂಪು ಕಡಿಮಿ ಆಗೇತ್ರಿ. ಇನ್ನೊಮ್ಮಿ ತಗೀರಿ."

"ತಂಗಿ, ಇದಕ್ಕೂ ಹೆಚ್ಚ ಮಾಡಿದ್ರ ಹೂವಿಗೆ ಬೆಂಕಿ ಹತ್ತತೈತಿ."

"ನನಗ ಕಾಣತೈತ್ರಿ. ನೀವು ತಗೀರಿ."

ಮೂರು ಸಲ ತೆಗೆದರು. ಕೊನೆಗೆ ನಾನು ಪಾಸ್ ಮಾಡಿದ ಹೂಗಳು ಕಣ್ಣು ಕುಕ್ಕುತ್ತವೆಂದು ಹೋಟೆಲಿನಿಂದ ವಾಪಸ್ ಬಂದವು. ಮಾಲೀಕರು ಬೈದದ್ದು ದಾವಲಣ್ಣನನ್ನು. ಬೈಸಿಕೊಂಡರೂ ಅವರು ನನ್ನ ಹೆಸರೆತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಕಣ್ಣು ಹೊರಳಿಸಿದರೆ ಬಲಗಣ್ಣಿನ ಹಿಂದೆ ನೋವು. ಅಂಗೈಯಿಂದ ಒತ್ತಿ ಹಿಡಿದೆ. ಎದುರು ಕೂತ ಹೆಂಗಸಿನ ಸೀರೆ ಎಡಗಣ್ಣಿಗೆ ಕೆಂಪು. ಕೈ ಬದಲಿಸಿದೆ. ಬಲಗಣ್ಣಿಗೆ ಅದು ಇಟ್ಟಂಗಿಯ ಬಣ್ಣ.

ಕೆಟ್ಟದ್ದು ಮಷೀನಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಬಾಟಲಿಯ ಕೆಂಪು ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ತೋರಿಸಿ ಏನು ಫರಕು ಎಂದು ಹಿಂದಿಯಲ್ಲಿ ಕೇಳಿದರು. "ಇದು ಮುಂಜಾನೆ ಹಚ್ಚಿದ ಕುಂಕುಮ, ಅದು ಸಂಜೆಗೆ ಉಳಿದ ಕುಂಕುಮ" ಎಂದೆ, ನನ್ನ ಹರುಕುಮುರುಕು ಹಿಂದಿಯಲ್ಲಿ. ಅವರು ನಗಲಿಲ್ಲ, ಬರೆದುಕೊಂಡರು. ಎಂಆರ್‌ಐ ಆಯಿತು. ಆಪ್ಟಿಕ್ ನ್ಯೂರೈಟಿಸ್, ಕಣ್ಣಿನ ನರಕ್ಕೆ ಬಾವು. ದೃಷ್ಟಿ ಬಹುಮಟ್ಟಿಗೆ ಮರಳಬಹುದು, ಬಣ್ಣದ ಬಗ್ಗೆ ಮಾತು ಕೊಡಲಾರೆ ಎಂದರು.

ಬಣ್ಣ ತಿಳಿಯದಿದ್ದರೆ ಆ ಶೆಡ್ಡಿನಲ್ಲಿ ನಾನು ಯಾರು? ಭಾಳ ಹೆದರಿದೆ.

ಐದು ದಿನ ಸ್ಟೀರಾಯ್ಡ್ ಡ್ರಿಪ್. ಬಾಯಲ್ಲಿ ಕಬ್ಬಿಣದ ರುಚಿ. ಮಧ್ಯಾಹ್ನ ಕಿಟಕಿಯ ಪರದೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ವಾರ್ಡಿನ ಬಿಳಿ ಗೋಡೆಯ ಮೇಲೆ ಐರಿಸ್, ಸೇವಂತಿಗೆ, ಚೆರ್ರಿಯ ಟೊಂಗೆ ಒಂದರ ಬೆನ್ನಿಗೊಂದು ಬಿಡಿಸಿಕೊಳ್ಳುತ್ತ, ಚೌಕಟ್ಟಿನ ಹಂಗಿಲ್ಲದೆ ಗೋಡೆಯುದ್ದಕ್ಕೂ ಹರಿದು ಕಿಟಕಿಯಾಚೆಗೆ ಹೋಗುತ್ತಿದ್ದವು. ಅವಕ್ಕೆ ಬಣ್ಣವಿರಲಿಲ್ಲ. ಆದರೂ ಚಂದವಿದ್ದವು. ಪಾಸು ನಪಾಸು ಮಾಡದೆ ಬರೀ ನೋಡಿದೆ.

ಗಂಡ ಹನುಮಂತ ಟೆಂಪೊ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತಿದ್ದ.

"ಗ್ವಾಡಿ ಏನ್ ನೋಡಾಕತ್ತಿ?"

"ಹೂವು."

"ತಡಿ, ಡ್ರಿಪ್ಪಿನಾಗ ಏನ್ ಹಾಕ್ಯಾರ ನರ್ಸಿಗೆ ಕೇಳ್ತೇನಿ. ನನಗೂ ಒಂದೀಟ ಬೇಕು."

ನಕ್ಕರೆ ಕಣ್ಣು ನೋಯುತ್ತಿತ್ತು. ಆದರೂ ನಕ್ಕೆ.

ನಾಲ್ಕನೆಯ ದಿನ ದಾವಲಣ್ಣ ಬಂದರು. ಅವರ ಮುಖ ನೋಡಲು ನಾಚಿಕೆಯಾಯಿತು.

"ತಪ್ಪು ನಂದ್ರಿ. ಮಾಲಕರಿಗೆ ನಾನ ಹೇಳ್ತೇನಿ."

"ಮೊದಲ ಕಣ್ಣ ಚಲೋ ಆಗ್ಲಿ, ತಂಗಿ. ಬೈಸಿಕೊಂಡದ್ದು ಮೈಗೇನ ಹತ್ತಂಗಿಲ್ಲ."

ಅವರು ಹೋದ ಮೇಲೆ ನಾನು ಅತ್ತುಬಿಟ್ಟೆ. ಆಮೇಲೆ ಮಾಲೀಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೊದಲು ಆರಾಮಾಗು, ಆಮೇಲೆ ಕೆಲಸಕ್ಕೆ ಬಾ ಎಂದರು.

ಆರು ವಾರದಲ್ಲಿ ಅಕ್ಷರಗಳು ತಿಳಿಯಾದವು. ನೋವು ಹೋಯಿತು. ಕೆಂಪು ಮುಕ್ಕಾಲು ಪಾಲು ಬಂದಿದೆ, ಅಲ್ಲಿಗೇ ನಿಂತಿದೆ. ಮತ್ತೆ ಮಾಸಿದರೆ ಒಂದು ದಿನವೂ ಕಾಯದೆ ಬರಬೇಕೆಂದು ಡಾಕ್ಟರು ಹೇಳಿದ್ದಾರೆ. ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡೆ.

ಕೆಲಸಕ್ಕೆ ಮರಳಿದ ದಿನ ದಾವಲಣ್ಣ ಮೇಜಿನ ಮೇಲೆ ಪಿಯೋನಿ ಹಾಸಿದರು.

"ಹೆಂಗೈತಿ?"

ಎಡಗಣ್ಣೊಂದರಲ್ಲೇ ನೋಡಿ ಹೇಳಬಹುದಿತ್ತು. ಆದರೆ ನನ್ನ ಕಣ್ಣಿನ ಮೇಲೆ ನನಗೆ ಮೊದಲಿನ ಭರವಸೆ ಇಲ್ಲ.

"ಗೊತ್ತಾಗವಲ್ದಣ್ಣ. ನೀವ ಹೇಳ್ರಿ."

ಎಂಟು ವರ್ಷದಲ್ಲಿ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವರು ನನ್ನನ್ನೊಮ್ಮೆ ನೋಡಿ, ಹೂವಿನ ಕಡೆ ಬಗ್ಗಿದರು.

"ಚೂರ ಕಡಿಮಿ ಮಾಡ್ಲಿ?"

"ಮಾಡ್ರಿ."

ಹೊಸ ಪ್ರಿಂಟ್ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟರು. ರೂಢಿಯಂತೆ ಎಡಗಣ್ಣು ಮುಚ್ಚಿ ನೋಡಿದರೆ ನನಗೆ ಎರಡೂ ಒಂದೇ ಕಂಡವು. ಅವರು ಬೆರಳು ತೋರಿಸಿದ್ದನ್ನು ಎತ್ತಿಕೊಂಡು ಚೌಕಟ್ಟಿಗೆ ಬಿಗಿದೆ.