ಸೂರು ತಟ್ಟುತ್ತಿದ್ದ ಎಸ್ತರ್ ಮೇಡಂ

ಯಾವ ಹಳೆಯ ಕಟ್ಟಡಕ್ಕೆ ಹೋದರೂ ಎಸ್ತರ್ ಮೇಡಂ ಮೊದಲು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಸೂರು ತಟ್ಟುತ್ತಿದ್ದರು. ಕತ್ತು ಓರೆ ಮಾಡಿ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಆಗ ಯಾರಾದರೂ ಕೆಮ್ಮಿದರೆ ಬೈಗುಳ ಖಚಿತ. “ಮೈನ್ಸಲ್ಲಿ ನಮ್ಮಪ್ಪ ಹಿಂಗೇ ತಟ್ತಿದ್ರು ಪಾ. ಗಣ್ ಅಂದ್ರೆ ಒಳಗೆ ಹೋಗು. ಡಬ್ ಅಂದ್ರೆ ಬಾಯ್ಮುಚ್ಕೊಂಡು ಆಚೆ ಬಾ.”

ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದು ಇಂಜಿನಿಯರಾದ ಅವರು ಚೆನ್ನೈನಲ್ಲಿ ಹಳೆಯ ಕಟ್ಟಡಗಳನ್ನು ಉಳಿಸುವ ಕೆಲಸ ಮಾಡುತ್ತಿದ್ದರು. ಈ ವಿದ್ಯೆಯತ್ತ ಯಾರೂ ಸುಳಿಯದ ಮನೆಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವಂತೆ ಉಡುಪಿ ಕಡೆಯ ಹೋಟೆಲ್ ರಾಯರೊಬ್ಬರ ಬೆನ್ನು ಬಿದ್ದು ಒಪ್ಪಿಸಿದ್ದರು. “ಕಲ್ಲು ಹೊತ್ತೋರು ಒಬ್ರು, ಯಾವ ಕಲ್ಲು ಉಳೀಬೇಕು ಅಂತ ಹೇಳೋರು ಇನ್ನೊಬ್ರು. ಸಾಕು ಮಾ ಈ ಆಟ,” ಎನ್ನುವರು. ಹಾಗೆ ಬಂದವರು ನಾನು, ಮತ್ತು ರಾಯಚೂರಿನ ಕಲ್ಲು ಒಡೆಯುವವರ ಮಗಳು ರೇಣುಕಾ.

ಕಳೆದ ಮಳೆಗಾಲದಲ್ಲಿ, ವಿದ್ಯಾರ್ಥಿವೇತನ ಮುಂದುವರಿಸಬೇಕೋ ಬೇಡವೋ ನೋಡಲು ರಾಯರು ಚೆನ್ನೈನ ತ್ರಿಪ್ಲಿಕೇನ್‌ನಲ್ಲಿ ನಾವು ದುರಸ್ತಿ ಮಾಡುತ್ತಿದ್ದ ಮನೆಗೆ ಬಂದರು. ಹಜಾರದಲ್ಲಿ ರೇಣುಕಾ ಮೇಜಿನ ಮೇಲೆ ನಕ್ಷೆ ಹರಡಿ, ಎದುರು ಕೂತು ಅವರಿಗೆ ವಿವರಿಸುತ್ತಿದ್ದಳು. ತಡವಾಗಿ ಬಂದ ಮೇಡಂ ರೂಢಿಯಂತೆ ಸಲಾಕೆ ಎತ್ತಿದರು. ಮಳೆನೀರು ಕುಡಿದಿದ್ದ ಗಾರೆ ನಡುತೊಲೆಯ ಬಳಿ ಡಬ್ ಎಂದಿತು.

“ಎಲ್ಲಾರೂ ಆಚೆ. ಈಗಲೇ.”

ರಾಯರು ಸೂರಿನತ್ತ ನೋಡಿ ನಕ್ಕರು. “ಎಂತ ಮೇಡಂ, ಇಷ್ಟು ವರ್ಷ ನಿಂತ ಮಾಡು ನನ್ನ ಮುಖ ಕಂಡು ಬೀಳ್ತದಾ? ಹುಡುಗಿ ಹೇಳಿ ಮುಗಿಸ್ಲಿ.”

ರೇಣುಕಾ ಏಳಲಿಲ್ಲ. ರಾಯರ ಮುಖವನ್ನೇ ನೋಡುತ್ತಿದ್ದಳು. ಮೇಡಂ ಅವಳ ರಟ್ಟೆ ಹಿಡಿದೆತ್ತಿ ಬಾಗಿಲ ಬಳಿಯಿದ್ದ ನನ್ನ ಕಡೆ ತಳ್ಳಿದರು. ಆಮೇಲೆ ರಾಯರ ಕುರ್ಚಿಯನ್ನು ಹಿಂದಿನಿಂದ ಹಿಡಿದು, ಅವರ ಸಮೇತ ಜಗಲಿಗೆ ದರದರ ಎಳೆದರು.

ಏನೂ ಆಗಲಿಲ್ಲ.

ರಾಯರು ಪಂಚೆ ಕೊಡವಿಕೊಂಡು ಎದ್ದರು. ಕಿವಿ ಕೆಂಪಾಗಿತ್ತು. “ಎಲ್ಲಿ ಬಿತ್ತು? ಮಕ್ಕಳೆದುರು ಮರ್ಯಾದೆ ತೆಗೆದ್ರಿ. ಇನ್ನು ಸ್ಕಾಲರ್‌ಶಿಪ್ಪೂ ಇಲ್ಲ, ಎಂತದೂ ಇಲ್ಲ.” ಮೇಜಿನ ಮೇಲೆ ಉಳಿದಿದ್ದ ಫೋನ್ ತರಲು ಒಳಗೆ ಹೊರಟರು. ಮೇಡಂ ಬಾಗಿಲಿಗೆ ಸಲಾಕೆ ಅಡ್ಡ ಹಿಡಿದರು.

“ನನ್ನ ತಳ್ಳಿ ಹೋಗಿ ಸಾರ್.”

ರಾಯರು ಸಲಾಕೆಗೆ ಕೈ ಹಾಕಿದರು. ಆಗ ನಕ್ಷೆಯ ಮೇಲೆ ಒಂದು ಚಿಟಿಕೆ ಸುಣ್ಣ ಉದುರಿತು. ಕಣ್ಣು ಮುಚ್ಚಿದರೆ ನನಗೆ ಈಗಲೂ ಕಾಣುವುದು ಅದೇ, ಸದ್ದಿಲ್ಲದೆ ಇಳಿದ ಆ ಬಿಳಿ ಪುಡಿ. ಮರುಕ್ಷಣ ತೊಲೆ ಮುರಿದು ಹಜಾರವೇ ಕಾಣದಾಯಿತು.

ದೂಳು ಇಳಿದಾಗ ರಾಯರು ಜಗಲಿಯಲ್ಲಿ ಕುಸಿದು ಕೂತಿದ್ದರು. ಹೊಸ್ತಿಲಲ್ಲಿದ್ದ ಮೇಡಂ ಬಲಭುಜಕ್ಕೆ ಇಟ್ಟಿಗೆಗಳು ಬಡಿದಿದ್ದವು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಕೀಲ್ಪಾಕ್‌ನ ಆಸ್ಪತ್ರೆಯಲ್ಲಿ. ಆಮೇಲೆ ಬಲಗೈ ಮತ್ತೆ ಮೇಲೇಳದೆ, ಕೆಲಸ ಬಿಟ್ಟು ಅಕ್ಕನ ಮನೆಗೆಂದು ಕೋಲಾರಕ್ಕೆ ಹೋಗಿಬಿಟ್ಟರು. ನಾನೂ ರೇಣುಕಾಳೂ ಆಸ್ಪತ್ರೆಗೆ ಹೋದ ಆ ದಿನ ರಾಯರು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು.

“ಸ್ಕಾಲರ್‌ಶಿಪ್ ನಿಲ್ಲಿಸುದಿಲ್ಲ ಮೇಡಂ. ನಿಮ್ಮ ಹೆಸರೇ ಇಡ್ತೇನೆ.”

“ಹೆಸ್ರು ಬೇಡ, ನಾನಿನ್ನೂ ಸತ್ತಿಲ್ಲ. ಮಕ್ಕಳು ನಿಮ್ಮ ಮಾತಿಗೆ ಆಗಲ್ಲ ಅಂದ್ರೂ ಕಾಸು ನಿಲ್ಲಬಾರ್ದು. ಅದು ಬರ್ಕೊಡಿ.”

ರಾಯರು ರೇಣುಕಾಳತ್ತ ತಿರುಗಿದರು. “ಆವತ್ತು ನೀನ್ಯಾಕೆ ಏಳ್ಲಿಲ್ಲ ಮಾರಾಯ್ತಿ? ಹೆದ್ರಿಕೆ ಆಗ್ಲಿಲ್ವಾ?”

“ಆಗಿತ್ರೀ ಸರ್. ಸೂರಿಗೆ ಹೆದ್ರಿದ್ದಕ್ಕಿಂತ ನಿಮಗ ಹೆದ್ರಿದ್ದೇ ಜಾಸ್ತಿ ಇತ್ರಿ.”

ರಾಯರು ಫ್ಲಾಸ್ಕಿನ ಮುಚ್ಚಳ ಬಿಗಿದು ಬದಿಗಿಟ್ಟರು. ಆಮೇಲೆ ನನ್ನ ಹತ್ತಿರ ಪೆನ್ನು ಕೇಳಿದರು.